ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡ ಅಳಿಯನಿಗೆ

ಚಿತ್ರದುರ್ಗ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವು ಇಲ್ಲಿ ಕ್ಷೇಮವಾಗಿದ್ದೇವೆ.

ಕಳೆದ ವಾರ ಅಕ್ಕ ಫೋನು ಮಾಡಿದ್ದಳು. ನಿನಗೆ ಡಿ.ಸಿ. ಕಚೇರಿಯಿಂದ ಲೈಸೆನ್ಸ್ ಬಂದಿತೆಂದೂ, ನೀನು .32 ಬೋರಿನ (ಬೋರು ಅಂದರೆ ನಳಿಗೆಯ ಒಳ ಅಳತೆ) ಪಿಸ್ತೂಲೊಂದನ್ನು ಕೊಂಡು ತಂದೆಯೆಂದೂ, ದೇವರ ಮುಂದಿಟ್ಟು ಕುಂಕುಮ ಹಚ್ಚಿದ ಮೇಲೆ ಅದನ್ನು ಎಲ್ಲಿಡಬೇಕೆಂಬುದು ಮಾತ್ರ ಮನೆಯಲ್ಲಿ ಯಾರಿಗೂ ತೋಚಲಿಲ್ಲವೆಂದೂ ಹೇಳಿದಳು. ಸದ್ಯಕ್ಕೆ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೀರಂತೆ. ಆ ಮಾತು ಕೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಸಶಸ್ತ್ರ ಮೀಸಲು ಪಡೆಯಲ್ಲಿದ್ದು, ಅದರಲ್ಲಿ ಹೆಚ್ಚಿನ ಕಾಲವನ್ನು ಆಯುಧಗಳ ಕೋಠಿಯಲ್ಲೇ ಕಳೆದವನು ಸ್ವಂತ ಅಳಿಯನಿಗೆ ಇಷ್ಟನ್ನು ಹೇಳದೆ ಉಳಿದರೆ ಆ ನೌಕರಿ ಮಾಡಿ ಪ್ರಯೋಜನವೇನು?

ಚನ್ನಗಿರಿಯಿಂದ ಅಡಿಕೆಯ ಹಣ ಹಿಡಿದು ಕತ್ತಲಾದ ಮೇಲೆ ಒಬ್ಬನೇ ದಾವಣಗೆರೆಗೆ ಬರುತ್ತಿದ್ದಾಗ ನಿನ್ನ ಕಾರಿಗೆ ಬೈಕು ಅಡ್ಡ ಹಾಕಿದವರ ವಿಷಯ ನನಗೆ ಗೊತ್ತಿದೆ. ನಿನ್ನ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಮೊದಲು ಒಂದು ಮಾತು ಕೇಳಿಬಿಡುತ್ತೇನೆ. ಬ್ಯಾಂಕಿನಿಂದ ಬ್ಯಾಂಕಿಗೆ ಕ್ಷಣದಲ್ಲಿ ಹಣ ಹೋಗುವ ಈ ಕಾಲದಲ್ಲಿ ಚೀಲದಲ್ಲಿ ನೋಟು ತುಂಬಿಕೊಂಡು ಬರುವುದು ಎಷ್ಟು ಸಲ ಅನಿವಾರ್ಯವಾಗಿತ್ತು, ಎಷ್ಟು ಸಲ ಹಳೆಯ ರೂಢಿಯಾಗಿತ್ತು? ಹೊರಡುವ ಹೊತ್ತನ್ನೂ ಹಿಡಿಯುವ ದಾರಿಯನ್ನೂ ಆಗಾಗ ಬದಲಿಸಿ, ಹಗಲಿನಲ್ಲೇ ಊರು ಸೇರಿಕೊಂಡರೆ ಪಿಸ್ತೂಲು ಮಾಡಬೇಕಾದ ಕೆಲಸದಲ್ಲಿ ಮುಕ್ಕಾಲು ಪಾಲು ಅದನ್ನು ಮುಟ್ಟದೆಯೇ ಆಗಿಹೋಗುತ್ತದೆ. ಕಾರಿನಲ್ಲಿ ಕುಳಿತವನು ಸೀಟ್ ಬೆಲ್ಟಿನ ಕೆಳಗೆ, ಅಂಗಿಯ ಕೆಳಗೆ ಸಿಕ್ಕಿಕೊಂಡ ಆಯುಧವನ್ನು ತಡಕಾಡುವುದಕ್ಕಿಂತ, ಗಾಡಿ ಓಡುವ ಸ್ಥಿತಿಯಲ್ಲಿದ್ದರೆ ಆಕ್ಸಿಲರೇಟರ್ ಒತ್ತಿ ಅಲ್ಲಿಂದ ಪಾರಾಗುವುದೇ ಮೇಲು. ಆಮೇಲೆ 112ಕ್ಕೆ ಕರೆ ಮಾಡಬಹುದು.

ಜೇಬಿನಲ್ಲಿ ಹಾಗೆಯೇ ಹಾಕಿಕೊಳ್ಳುತ್ತೇನೆಂದು ನೀನು ಅಕ್ಕನಿಗೆ ಹೇಳಿದೆಯಂತೆ. ಬೇಡ. ಕೀಲಿಕೈಯೋ ಪೆನ್ನೋ ಟ್ರಿಗರಿನ ಸಂದಿಗೆ ಹೊಕ್ಕರೆ ಗುಂಡು ನಿನ್ನ ತೊಡೆಯನ್ನೇ ಸೀಳುತ್ತದೆ. ಇನ್ನು ಆಪತ್ತಿನಲ್ಲಿ ಕೈ ಹಾಕಿದರೆ ಪಿಸ್ತೂಲಿನ ಹಿಡಿ ಯಾವ ಕಡೆ ತಿರುಗಿರುತ್ತದೋ ದೇವರೇ ಬಲ್ಲ. ಟ್ರಿಗರನ್ನೂ ಅದರ ಸುತ್ತಲಿನ ಬಳೆಯನ್ನೂ ಪೂರ್ತಿ ಮುಚ್ಚುವ, ಪಿಸ್ತೂಲು ಹೊರಗೆ ಬಂದಾಗಲೂ ಬಾಯಿ ಮುಚ್ಚಿಕೊಳ್ಳದಷ್ಟು ಗಟ್ಟಿ ಚರ್ಮದ, ನಿನ್ನ ಪಿಸ್ತೂಲಿನ ಅಳತೆಗೇ ಹೊಲಿದ ಹೋಲ್‌ಸ್ಟರ್, ಅಂದರೆ ಸೊಂಟಕ್ಕೆ ಕಟ್ಟುವ ಪಿಸ್ತೂಲಿನ ಚೀಲ, ಬೇಕು. ಅದನ್ನು ಹೊರಲು ಒಂದೂವರೆ ಇಂಚು ಅಗಲದ ದಪ್ಪ ಬೆಲ್ಟ್ ಬೇಕು. ತೆಳು ಬೆಲ್ಟಿಗೆ ಕಟ್ಟಿದ ಆಯುಧ ಜೋತುಬೀಳುತ್ತದೆ, ಜೋತುಬಿದ್ದದ್ದನ್ನು ಮನುಷ್ಯ ಗಳಿಗೆಗೊಮ್ಮೆ ಮೇಲಕ್ಕೆ ಎಳೆದುಕೊಳ್ಳುತ್ತಾನೆ, ಹಾಗೆ ಎಳೆದುಕೊಳ್ಳುವವನ ಸೊಂಟದಲ್ಲಿ ಏನಿದೆಯೆಂಬುದು ಮಂಡಿಪೇಟೆಯ ಹಮಾಲಿಗೂ ಒಂದೇ ದಿನದಲ್ಲಿ ತಿಳಿಯುತ್ತದೆ. ಜಾಗ ಒಂದೇ ಇರಲಿ. ಬಲಸೊಂಟದ ಸ್ವಲ್ಪ ಹಿಂದೆ ಎಂದು ಗೊತ್ತು ಮಾಡಿಕೊಂಡರೆ ಪ್ರತಿದಿನವೂ ಅಲ್ಲಿಯೇ ಇರಲಿ. ಇವತ್ತು ಸೊಂಟ, ನಾಳೆ ಬ್ಯಾಗು, ನಾಡಿದ್ದು ಕಾರಿನ ಡ್ಯಾಶ್‌ಬೋರ್ಡು ಎಂದಾದರೆ ಕತ್ತಲಿನಲ್ಲಿ ಕೈಗೆ ದಾರಿ ತಪ್ಪುತ್ತದೆ. ಕೈಬಂದೂಕನ್ನು ಸಾರ್ವಜನಿಕ ಸ್ಥಳದಲ್ಲಿ ಹೋಲ್‌ಸ್ಟರಿನಲ್ಲಿ, ಮುಚ್ಚಿಕೊಂಡೇ ಒಯ್ಯಬೇಕೆಂದು 2016ರ ಶಸ್ತ್ರಾಸ್ತ್ರ ನಿಯಮಗಳೂ ಹೇಳುತ್ತವೆ. ತೋರಿಸಿ ಹೆದರಿಸುವುದು ಅಪರಾಧ. ನನ್ನ ಅನುಭವದಲ್ಲಿ ತೋರಿಸಿದವನ ಆಯುಧವನ್ನೇ ಕಳ್ಳ ಮೊದಲು ಕಿತ್ತುಕೊಳ್ಳುತ್ತಾನೆ.

ಹೋಲ್‌ಸ್ಟರಿನೊಳಗೆ ಕುಳಿತ ಪಿಸ್ತೂಲಿನಿಂದ ತಾನಾಗಿ ಗುಂಡು ಹಾರುವುದು ತೀರ ಅಪರೂಪ. ಅನಾಹುತಗಳೆಲ್ಲ ಕೈ ಹಾಕಿದಾಗ ಆಗುವಂಥವು. ಅದರಲ್ಲಿಯೂ ತೆಗೆಯುವಾಗ ಆಗುವುದಕ್ಕಿಂತ ಒಳಗೆ ಇಡುವಾಗ ಆಗುವುದು ಹೆಚ್ಚು. ಅಂಗಿಯ ತುದಿಯೋ ಜರ್ಕಿನ್ನಿನ ದಾರವೋ ಟ್ರಿಗರಿಗೆ ಸಿಕ್ಕಿಕೊಂಡಿರುತ್ತದೆ, ಮೇಲಿನಿಂದ ಒತ್ತಿದ ಕೂಡಲೇ ಹಾರುತ್ತದೆ. ಹೊರಗೆ ತೆಗೆಯುವುದಕ್ಕೆ ಅವಸರವಿರಬಹುದು, ಒಳಗೆ ಇಡುವುದಕ್ಕೆ ಯಾವತ್ತೂ ಅವಸರವಿಲ್ಲ. ಕಣ್ಣಿನಿಂದ ನೋಡಿಕೊಂಡು, ಬೆರಳನ್ನು ಟ್ರಿಗರಿನಿಂದ ದೂರ ಚಾಚಿ, ಹ್ಯಾಮರಿನ (ಗುಂಡು ಹಾರಿಸುವ ಹಿಂಬದಿಯ ಸುತ್ತಿಗೆಯ) ಮೇಲೆ ಹೆಬ್ಬೆರಳಿಟ್ಟು ನಿಧಾನವಾಗಿ ಇಡು. ಪಿ.ಬಿ. ರೋಡಿನ ಹೋಟೆಲಿನಲ್ಲಿ ಶೌಚಕ್ಕೆ ಹೋದಾಗ ಪಿಸ್ತೂಲನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು, ಬೆಣ್ಣೆದೋಸೆ ತಿಂದು, ಬಿಲ್ಲು ಕೊಡುವಾಗ ನೆನಪಾಗಿ ಓಡಿದವರನ್ನು ನಾನು ಬಲ್ಲೆ. ಹೋಲ್‌ಸ್ಟರಿನಿಂದ ಅದನ್ನು ಬಿಡಿಸುವುದೇ ಬೇಡ.

ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂಬದಿಯಲ್ಲಿ ಹಾರಲು ಸಿದ್ಧವಾಗಿ ಗುಂಡು ಕೂರುವ ಜಾಗದಲ್ಲಿ, ಗುಂಡು ಇರಬೇಕೋ ಬೇಡವೋ ಎಂಬುದು ನೀನು ಕೇಳಬಹುದಾದ ಮುಖ್ಯ ಪ್ರಶ್ನೆ. ಬಲ್ಲವರಲ್ಲೇ ಇದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ಚೇಂಬರ್ ಖಾಲಿಯಿದ್ದರೆ ಆಪತ್ತಿನಲ್ಲಿ ಸ್ಲೈಡ್ (ಗುಂಡನ್ನು ಚೇಂಬರಿಗೆ ತಳ್ಳುವ, ಪಿಸ್ತೂಲಿನ ಮೇಲಿನ ಜಾರುವ ಭಾಗ) ಎಳೆಯಲು ಎರಡು ಕೈ ಬೇಕು. ಆ ಹೊತ್ತಿಗೆ ಒಂದು ಕೈ ಎದುರಾಳಿಯ ಮಚ್ಚನ್ನು ತಡೆಯುತ್ತಿದ್ದರೆ ನಿನ್ನ ಪಿಸ್ತೂಲು ಬರೀ ಕಬ್ಬಿಣದ ತುಂಡು. ಚೇಂಬರಿನಲ್ಲಿ ಗುಂಡಿದ್ದರೆ, ಅಭ್ಯಾಸವಿಲ್ಲದ ಬೆರಳಿನ ಒಂದೇ ತಪ್ಪಿಗೆ ಮನೆ ಹಾಳಾಗುತ್ತದೆ. ನೀನು ಇನ್ನೂ ಹೊಸಬ. ಮೊದಲ ಆರು ತಿಂಗಳು ಮ್ಯಾಗಜಿನ್ (ಹಿಡಿಯೊಳಗೆ ಕೂರುವ ಗುಂಡುಗಳ ಪೆಟ್ಟಿಗೆ) ತುಂಬಿರಲಿ, ಚೇಂಬರ್ ಖಾಲಿಯಿರಲಿ ಎಂಬುದೇ ನನ್ನ ತೀರ್ಮಾನ. ಅಭ್ಯಾಸ ಕುದುರಿದ ಮೇಲೆ, ನಿನ್ನ ಪಿಸ್ತೂಲಿನ ಸೇಫ್ಟಿಯನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ, ಆಮೇಲೆ ಬೇರೆ ಯೋಚನೆ ಮಾಡೋಣ. ತುಂಬಿದ ಚೇಂಬರಿನ ಮೇಲೆ ಹ್ಯಾಮರನ್ನು ಹೆಬ್ಬೆರಳಿನಿಂದ ಇಳಿಸುವ ಸಾಹಸವನ್ನು ಮಾತ್ರ ಎಂದಿಗೂ ಮಾಡಬೇಡ. ಬೆವರಿದ ಬೆರಳು ಜಾರುತ್ತದೆ. 9 ಮಿ.ಮೀ. ಸಿಗಲಿಲ್ಲವೆಂದು ನೀನು ಬೇಸರಪಟ್ಟೆಯೆಂದೂ ಕೇಳಿದೆ. ಅದು ನಿಷೇಧಿತ ಬೋರು, ನಮ್ಮಂಥವರಿಗೆ ಕೊಡುವುದಿಲ್ಲ. ಗುರಿ ಕಲಿಯದವನಿಗೆ ಯಾವ ಬೋರಾದರೇನು?

ಖಾಲಿ ಮಾಡುವ ಕ್ರಮದ ಬಗ್ಗೆ ನನ್ನದೇ ತಪ್ಪೊಂದನ್ನು ಹೇಳುತ್ತೇನೆ, ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳಿಲ್ಲ. ನೌಕರಿಗೆ ಸೇರಿ ಇಪ್ಪತ್ತು ವರ್ಷ ಕಳೆದ ಮೇಲೆ, ಬಂದೋಬಸ್ತು ಮುಗಿಸಿ ಬಂದ ಒಂದು ರಾತ್ರಿ, ನಿದ್ರೆಗಣ್ಣಿನಲ್ಲಿ ಸ್ಲೈಡನ್ನು ಮೊದಲು ಎಳೆದು ಮ್ಯಾಗಜಿನನ್ನು ಆಮೇಲೆ ತೆಗೆದೆ. ಸ್ಲೈಡ್ ಎಳೆದಾಗ ಒಳಗಿದ್ದ ಗುಂಡು ಹೊರಗೆ ಹಾರಿತು. ಅದನ್ನು ನೋಡಿ ಖಾಲಿಯಾಯಿತೆಂದುಕೊಂಡೆ. ಆದರೆ ಸ್ಲೈಡ್ ಮುಂದಕ್ಕೆ ಹೋಗುವಾಗ ಮ್ಯಾಗಜಿನಿನಿಂದ ಮತ್ತೊಂದನ್ನು ಚೇಂಬರಿಗೆ ತಳ್ಳಿಕೊಂಡು ಹೋಗಿತ್ತು. ನಳಿಗೆಯನ್ನು ಮರಳು ತುಂಬಿದ ಪೆಟ್ಟಿಗೆಯ ಕಡೆ ಹಿಡಿದು ಟ್ರಿಗರ್ ಒತ್ತುವ ರೂಢಿಯೊಂದು ಕೈಗೆ ಅಂಟಿಕೊಂಡಿದ್ದರಿಂದ ಗುಂಡು ಮರಳಿನಲ್ಲಿ ಹೂತುಹೋಯಿತು. ಎರಡು ಮಾರು ಆಚೆ ಹುಡುಗನೊಬ್ಬ ಬೂಟು ಬಿಚ್ಚುತ್ತಾ ಕುಳಿತಿದ್ದ. ಅಂದು ನನ್ನನ್ನು ಕಾಪಾಡಿದ್ದು ನನ್ನ ತಿಳಿವಳಿಕೆಯಲ್ಲ, ತಿಳಿವಳಿಕೆ ನಿದ್ರೆ ಹೋಗಿತ್ತು. ಕೈಯ ರೂಢಿ ಎಚ್ಚರವಾಗಿತ್ತು. ಆದ್ದರಿಂದ ನೀನೂ ಒಂದು ಬಕೆಟ್ಟಿಗೆ ಮರಳು ತುಂಬಿ ಕೋಣೆಯ ಮೂಲೆಯಲ್ಲಿಡು. ಮೊದಲು ಮ್ಯಾಗಜಿನ್ ತೆಗೆ, ನಂತರ ಸ್ಲೈಡನ್ನು ಎರಡು ಮೂರು ಸಲ ಎಳೆ, ಚೇಂಬರಿನೊಳಗೆ ಕಣ್ಣಿಟ್ಟು ನೋಡು, ಕಿರುಬೆರಳು ಹಾಕಿ ಮುಟ್ಟಿಯೂ ನೋಡು. ಅಷ್ಟಾದ ಮೇಲೂ ಅದು ತುಂಬಿದೆಯೆಂದೇ ತಿಳಿದು, ನಳಿಗೆಯನ್ನು ಜನರಿರುವ ಕಡೆಗೆ ತಿರುಗಿಸಬೇಡ.

ಬೀರುವಿನ ಸೀರೆಗಳ ವಿಷಯಕ್ಕೆ ಬರುತ್ತೇನೆ. ಐದು ವರ್ಷದ ಮಗುವಿಗೆ ಬೀರುವಿನಲ್ಲಿ ಗೊತ್ತಿಲ್ಲದ ಮೂಲೆಯೆಂಬುದು ಇರುವುದಿಲ್ಲ. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಸಣ್ಣ ಕಬ್ಬಿಣದ ಲಾಕರ್ ತೆಗೆದುಕೋ, ಕೀಲಿ ನಿನ್ನ ಉಡಿದಾರದಲ್ಲಿರಲಿ, ಗುಂಡುಗಳಿಗೆ ಬೇರೆಯೇ ಬೀಗವಿರಲಿ. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವುದು ಸಿನಿಮಾದವರಿಗೆ ಸರಿ. ನಿನ್ನ ಹೆಂಡತಿಗೆ ಅದನ್ನು ಖಾಲಿ ಮಾಡುವ ಕ್ರಮ ಮೊದಲ ದಿನವೇ ತಿಳಿದಿರಲಿ. ಮಗುವಿಗೆ, ಅದನ್ನು ಎಲ್ಲಿಯಾದರೂ ಕಂಡರೆ ಮುಟ್ಟದೆ ದೊಡ್ಡವರನ್ನು ಕೂಗಬೇಕೆಂದು ಹೇಳಿಕೊಡು.

ಇನ್ನು ಸಿದ್ಧತೆ. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟುಲ್ಲರ್ ಲೆಕ್ಕ ಹಾಕಿ ತೋರಿಸಿದಂತೆ, 21 ಅಡಿ ದೂರದಲ್ಲಿ ಚಾಕು ಹಿಡಿದು ನಿಂತವನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ನಿನ್ನ ಮೈಮೇಲೆ ಬಂದಿರುತ್ತಾನೆ. ಚೆನ್ನಾಗಿ ಪಳಗಿದವನಿಗೂ ಪಿಸ್ತೂಲು ತೆಗೆದು ಒಂದು ಗುಂಡು ಹಾರಿಸಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ನಿನ್ನ ಸೊಂಟದಲ್ಲಿ ಏನಿದ್ದರೂ, ಕಣ್ಣು ಮೊಬೈಲಿನಲ್ಲಿದ್ದರೆ ಅದು ಇದ್ದೂ ಇಲ್ಲದಂತೆ. ಕಾರಿನಿಂದ ಇಳಿಯುವ ಮೊದಲು ಸುತ್ತ ನೋಡುವುದು, ಹಿಂದೆ ಬರುವ ಬೈಕಿಗೆ ದಾರಿ ಬಿಟ್ಟು ಅದು ಮುಂದೆ ಹೋಗುವುದೇ ಎಂದು ಗಮನಿಸುವುದು, ಬಲಗೈಯನ್ನು ಖಾಲಿ ಬಿಟ್ಟು ಚೀಲವನ್ನು ಎಡಗೈಯಲ್ಲಿ ಹಿಡಿಯುವುದು, ಇವೆಲ್ಲ ಗುರಿಗಿಂತ ಮೊದಲು ಬರಬೇಕು. ಮನೆಯಲ್ಲಿ ವಾರಕ್ಕೆ ಎರಡು ದಿನ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿ, ಖಾಲಿ ಪಿಸ್ತೂಲಿನಲ್ಲಿ ಹತ್ತು ನಿಮಿಷ ಅಭ್ಯಾಸ ಮಾಡು: ಎಡಗೈ ಅಂಗಿಯನ್ನು ಪೂರ್ತಿ ಮೇಲೆತ್ತಬೇಕು, ಬಲಗೈಗೆ ಹಿಡಿ ಪೂರ್ತಿ ಸಿಕ್ಕಬೇಕು, ತೋರುಬೆರಳು ಪಿಸ್ತೂಲಿನ ಮೈಮೇಲೆ ನೇರವಾಗಿರಬೇಕು, ಗುರಿ ಹಿಡಿದು ನಿರ್ಧಾರ ಮಾಡಿದ ಮೇಲೆಯೇ ಅದು ಟ್ರಿಗರಿಗೆ ಇಳಿಯಬೇಕು. ವೇಗ ತಾನಾಗಿ ಬರುತ್ತದೆ. ರೈಫಲ್ ಕ್ಲಬ್ಬಿನ ಸದಸ್ಯನಾಗಿ ನಿಜವಾದ ಗುಂಡುಗಳನ್ನೂ ಹಾರಿಸಿ ನೋಡು; ಕೊಂಡ ಗುಂಡು, ಖರ್ಚಾದ ಗುಂಡುಗಳ ಲೆಕ್ಕವನ್ನು ಅಡಿಕೆಯ ಲೆಕ್ಕದಷ್ಟೇ ಚೊಕ್ಕಟವಾಗಿಡು.

ನಮ್ಮೂರಿನವರು ಆತ್ಮರಕ್ಷಣೆಯ ಮಾತು ಬಂದ ಕೂಡಲೇ ಓಬವ್ವನನ್ನು ನೆನೆಯುತ್ತಾರೆ, ನಾನೂ ನೆನೆಯುತ್ತೇನೆ. ಕೋಟೆಗೆ ಹೋದಾಗಲೆಲ್ಲ ಆ ಕಿಂಡಿಯ ಮುಂದೆ ನಿಂತು ನನಗೆ ತೋಚುವುದೇ ಬೇರೆ. ಅವಳಿಗೆ ಎದುರಾದವರು ಒಬ್ಬೊಬ್ಬರಾಗಿ, ತಲೆ ತಗ್ಗಿಸಿ ತೂರಿ ಬಂದರು; ಬಂದವನು ಹೈದರಾಲಿಯ ಸಿಪಾಯಿಯೇ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ; ಒನಕೆಯ ಏಟು ಗುರಿ ತಪ್ಪಿದರೂ ಹಿಂದೆ ಇದ್ದದ್ದು ಬಂಡೆ. ಮಂಡಿಪೇಟೆಯಲ್ಲಿ ಬೆಳಗಿನ ಹತ್ತು ಗಂಟೆಗೆ ನಿನಗೆ ಈ ಮೂರರಲ್ಲಿ ಒಂದೂ ಇರುವುದಿಲ್ಲ. ನಿನ್ನ ಗುಂಡು ತಪ್ಪಿದರೆ ಮಂಡಕ್ಕಿ ಅಂಗಡಿಯ ಮುಂದೆ ನಿಂತ ಯಾರದೋ ಮಗುವಿಗೆ ತಗಲುತ್ತದೆ, ತಪ್ಪದಿದ್ದರೂ ಮೈಯನ್ನು ದಾಟಿ ಹಿಂದಿನವನಿಗೆ ತಗಲಬಹುದು. ಹಿಂದೆ ಏನಿದೆಯೆಂದು ಕಾಣದಿದ್ದರೆ ಹಾರಿಸಬೇಡ, ಹಣ ಕೊಟ್ಟುಬಿಡು.

ಕಾನೂನು ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕಿಗೆ ಸಂಬಂಧಿಸಿದವು. ಪ್ರಾಣ ಹೋಗುತ್ತದೆ ಅಥವಾ ತೀವ್ರ ಗಾಯವಾಗುತ್ತದೆ ಎಂಬ ಸಕಾರಣವಾದ ಭಯವಿದ್ದಾಗ ಎದುರಾಳಿಯ ಪ್ರಾಣ ತೆಗೆಯುವವರೆಗೂ ಆ ಹಕ್ಕು ಹೋಗುತ್ತದೆ. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕೇ ಇಲ್ಲ. ಸುಲಿಗೆಯಲ್ಲಿ ತಕ್ಷಣದ ಭಯ ಇರುವಷ್ಟು ಹೊತ್ತು ಮಾತ್ರ ಹಕ್ಕು ಉಳಿಯುತ್ತದೆ. ಚೀಲ ಕಿತ್ತುಕೊಂಡು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಕಟಕಟೆಯಲ್ಲಿ ನಿಲ್ಲುವವನು ನೀನು. ಒಂದು ವೇಳೆ ಹಾರಿಸಲೇಬೇಕಾಗಿ ಬಂದರೆ, ಅಪಾಯ ಕಳೆದ ಕೂಡಲೇ ಪಿಸ್ತೂಲನ್ನು ಒಳಗಿಟ್ಟು 112ಕ್ಕೆ ನೀನೇ ಕರೆ ಮಾಡು, ಬಿದ್ದವನಿಗೂ ಆಂಬುಲೆನ್ಸ್ ಕೇಳು, ಪೊಲೀಸರು ಬಂದಾಗ ಕೈಗಳು ಖಾಲಿಯಾಗಿ ಕಾಣುವಂತಿರಲಿ, ಸ್ಥಳದಲ್ಲಿ ಯಾವುದನ್ನೂ ಅಲುಗಾಡಿಸಬೇಡ, ವಕೀಲರೊಂದಿಗೆ ಮಾತನಾಡದೆ ಉದ್ದ ಕಥೆ ಹೇಳಬೇಡ.

ಕುಡಿಯುವ ದಿನ ಪಿಸ್ತೂಲು ಲಾಕರಿನಲ್ಲೇ ಇರಲಿ. ಮನೆಯಲ್ಲಿ ಜಗಳವಾಡಿ ಹೊರಟ ದಿನವೂ ಹಾಗೆಯೇ. ಮದುವೆಯ ಮೆರವಣಿಗೆಯಲ್ಲಿ ಗೆಳೆಯರು ಒಂದು ಗುಂಡು ಹಾರಿಸೆಂದು ಹುರಿದುಂಬಿಸುತ್ತಾರೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿಯಾದ ಮೇಲೆ ಅದಕ್ಕೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲೈಸೆನ್ಸ್ ನಿನ್ನ ಹೆಸರಿನಲ್ಲಿದೆ. ಐದು ನಿಮಿಷಕ್ಕೆಂದು ಡ್ರೈವರನ ಕೈಗೆ ಕೊಡುವಂತಿಲ್ಲ, ಕಾರಿನಲ್ಲಿ ಬಿಟ್ಟು ಹೋಗುವಂತಿಲ್ಲ. ಚುನಾವಣೆ ಘೋಷಣೆಯಾಗಿ ಠಾಣೆಗೆ ಒಪ್ಪಿಸಲು ಹೇಳಿದರೆ ಗೊಣಗದೆ ಒಪ್ಪಿಸಿ ರಸೀದಿ ತೆಗೆದುಕೋ.

ಬರುವ ಭಾನುವಾರ ಬಿಡುವು ಮಾಡಿಕೊಂಡು ಇಲ್ಲಿಗೆ ಬಾ, ಕೈ ಹಿಡಿದು ತೋರಿಸುತ್ತೇನೆ. ಅದಕ್ಕೂ ಮೊದಲು, ನಿನ್ನ ಲೈಸೆನ್ಸ್ ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆಂದು ಬರೆದಿದೆ ಎಂಬುದನ್ನು ತೆಗೆದು ಓದು. 1997ರವರೆಗೆ ದಾವಣಗೆರೆ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಈಗ ಭರಮಸಾಗರದ ಆಚೆಗೂ ಈಚೆಗೂ ಜಿಲ್ಲೆ ಬೇರೆ ಬೇರೆ. ಚಿತ್ರದುರ್ಗವೂ ಸೇರುತ್ತದೆಂದು ಬರೆದಿರದಿದ್ದರೆ ಪಿಸ್ತೂಲನ್ನು ಲಾಕರಿನಲ್ಲೇ ಬಿಟ್ಟು, ಖಾಲಿ ಹೋಲ್‌ಸ್ಟರನ್ನೂ ನೀನು ದಿನವೂ ಹಾಕಿಕೊಳ್ಳುವ ಬೆಲ್ಟನ್ನೂ ತೆಗೆದುಕೊಂಡು ಬಾ. ಬೆಲ್ಟ್ ಸಾಲದೆಂದು ನನಗೆ ಈಗಲೇ ಅನುಮಾನವಿದೆ. ಇಲ್ಲಿ ಚರ್ಮದ ಕೆಲಸದವರೊಬ್ಬರಿಗೆ ಹೇಳಿಟ್ಟಿದ್ದೇನೆ.

ಇತಿ,
ನಿನ್ನ ಸೋದರಮಾವ