ಕೊಲ್ಹಾರ ಸೇತುವೆ ಬಳಿ ಸಿಕ್ಕ ಕಾಕಾ ಅವರಿಗೆ

ವಿಜಯಪುರದಿಂದ ಬಾಗಲಕೋಟೆಗೆ ಹೊರಟಿದ್ದ ನಮ್ಮ ಹಳೆಯ ಕಾರು ಕೊಲ್ಹಾರದ ಕೃಷ್ಣಾ ಸೇತುವೆ ದಾಟುತ್ತಲೇ ಬಂದ್ ಬಿದ್ದಾಗ, ಉಳ್ಳಾಗಡ್ಡಿ ತುಂಬಿದ ಟೆಂಪೊವನ್ನು ಬದಿಗೆ ಹಚ್ಚಿ ಇಳಿದು ಬಂದ ಕಾಕಾ, ನಿಮಗೆ ಶರಣು.

ಎಂಜಿನ್ ಬಿಸಿಯಾದರೆ ಬಂದ್, ತಣ್ಣಗಾದರೆ ಮತ್ತೆ ಚಾಲೂ. ಈ ಕಾಯಿಲೆಗೆ ಗ್ಯಾರೇಜೊಂದು ಪ್ಲಗ್, ಫಿಲ್ಟರ್ ಎಲ್ಲ ಬದಲಿಸಿ ಬಿಲ್ಲನ್ನಷ್ಟೇ ದಪ್ಪ ಮಾಡಿತ್ತು. ನೀವು ಪಾನಾ ಹಿಡಿಯಲಿಲ್ಲ, ಮೊದಲು ಕಿವಿಗೊಟ್ಟಿರಿ. ಕೀಲಿ ತಿರುವಿದೊಡನೆ ಟ್ಯಾಂಕಿನೊಳಗಿನ ಪಂಪ್ ಗುಂಯ್ ಎಂದಿತು. "ಪಂಪ್ ಸರಿಯಿದೆ ತಮ್ಮಾ, ಈಗ ಎಂಜಿನ್ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳು ನೋಡು" ಎಂದಿರಿ. ಸ್ಟಾರ್ಟರ್ ಎಷ್ಟು ತಿರುಗಿಸಿದರೂ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ನೀವು ನಕ್ಕಿದ್ದು ಆಗಲೇ. ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಕಾದು ಸುಮ್ಮನಾದರೆ, ಎಂಜಿನ್ ತಿರುಗುತ್ತಿರುವುದೇ ಅದನ್ನು ನಡೆಸುವ ಕಂಪ್ಯೂಟರ್ ಆದ ಇಸಿಯುಗೆ ತಿಳಿಯದು. ಆಗ ಇಸಿಯು ಕಿಡಿಯನ್ನೂ ಇಂಧನ ಚಿಮ್ಮಿಸುವ ಇಂಜೆಕ್ಟರನ್ನೂ ಒಟ್ಟಿಗೇ ನಿಲ್ಲಿಸಿಬಿಡುತ್ತದೆ ಎಂದು ವಿವರಿಸಿದಿರಿ. ಒದ್ದೆ ಬಟ್ಟೆಯನ್ನು ಹಿಂಡಿ ಸೆನ್ಸರ್ ಮೇಲೆ ಒತ್ತಿ ಹಿಡಿದಿರಿ. ಸ್ವಲ್ಪ ಹೊತ್ತಿಗೆ ಕಾರು ಚಾಲೂ!

ಹೊಸ ಸೆನ್ಸರ್ ಹಾಕಿಸಿದ ಮೇಲೆ ಗಾಡಿ ಮೇ ತಿಂಗಳ ಬಿಸಿಲಿಗೂ ಜಗ್ಗಿಲ್ಲ. ಹಣ ಬೇಡವೆಂದಿರಿ, ಹೆಸರನ್ನೂ ಹೇಳಲಿಲ್ಲ. ಕೊಲ್ಹಾರದ ಗಡಿಗೆ ಮೊಸರೊಂದು ನಿಮ್ಮ ಲೆಕ್ಕದಲ್ಲಿ ಬಾಕಿ ಇದೆ, ಕಾಕಾ.