ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಮ್ಮ ಮಾತು ಕೇಳಿ

ಅಮೆರಿಕದ ಅಟಾರ್ನಿ ಜನರಲ್ ಅವರಿಗೆ,

ನಮಸ್ಕಾರ. ನಾನು ದಾವಣಗೆರೆಯವಳು. ಇಪ್ಪತ್ತೆರಡು ವರ್ಷದಿಂದ ಶಿಕಾಗೋ ಹತ್ತಿರ ಇದ್ದೇನೆ. ಡ್ರಗ್ಸ್ ದಂಧೆಯ ಯಜಮಾನರಿಗೆ ಶಿಕ್ಷೆ ಕಡಿಮೆ ಮಾಡುವ ಒಪ್ಪಂದಗಳ ಬಗ್ಗೆ ಬರೆಯುತ್ತಿದ್ದೇನೆ. ಈ ಪತ್ರವನ್ನು ಇಂಗ್ಲಿಷಿನಲ್ಲೂ ಬರೆದು ಅಂಚೆಗೆ ಹಾಕಿದ್ದೇನೆ. ಕನ್ನಡದಲ್ಲಿ ಬರೆದಿರುವುದು ನಮ್ಮ ಜನರೂ ಓದಲಿ ಅಂತ. ನಮ್ಮವರ ಮನೆಯಲ್ಲಿ ಡ್ರಗ್ಸಿನಿಂದ ಸಾವಾದರೆ ಹಾರ್ಟ್ ಅಟ್ಯಾಕ್ ಅಂತ ಹೇಳಿ ಮುಚ್ಚಿಡುತ್ತಾರೆ. ನಾವೂ ಆರು ತಿಂಗಳು ಹಾಗೇ ಹೇಳಿಕೊಂಡು ತಿರುಗಿದೆವು.

ನನ್ನ ಮಗನಿಗೆ 19 ವರ್ಷ. 2022ರ ನವೆಂಬರ್. ಬೆನ್ನುನೋವು ಅಂತ ಕಾಲೇಜಿನಲ್ಲಿ ಯಾರೋ ಕೊಟ್ಟ ನೀಲಿ ಮಾತ್ರೆ ನುಂಗಿದ. ಒಂದು ಕಡೆ 'ಎಂ', ಇನ್ನೊಂದು ಕಡೆ '30'. ನೋವಿನ ಮಾತ್ರೆಯ ಹಾಗೇ ಇತ್ತು. ಒಳಗಿದ್ದದ್ದು ಫೆಂಟನಿಲ್ ಅನ್ನುವ ತೀರಾ ಪ್ರಬಲ ಮಾದಕ ದ್ರವ್ಯ. ಎರಡು ಮಿಲಿಗ್ರಾಂ ಸಾಕು, ಜೀವ ಹೋಗಬಹುದು. ರಜೆಗೆ ಮರುದಿನ ಮನೆಗೆ ಬರುವವನಿದ್ದ. ಬೆಣ್ಣೆ ದೋಸೆಗೆ ಹಿಟ್ಟು ರುಬ್ಬಿಟ್ಟಿದ್ದೆ. ಬೆಳಗ್ಗೆ ಪೊಲೀಸರು ಬಾಗಿಲು ತಟ್ಟಿದಾಗ ಆ ಹಿಟ್ಟು ಉಕ್ಕಿ ಪಾತ್ರೆಯಿಂದ ಇಳಿಯುತ್ತಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ದೋಸೆ ಹುಯ್ದಿಲ್ಲ.

ಮಾತ್ರೆ ಮಾರಿದವನು ಮಗನಿಗಿಂತ ಎರಡೇ ವರ್ಷ ದೊಡ್ಡವನು. ಸಾವಾದರೆ ಕನಿಷ್ಠ 20 ವರ್ಷ ಅಂತ ನಿಮ್ಮ ಕಾನೂನು. ಅಷ್ಟೂ ಬಿತ್ತು. ಅವನ ತಾಯಿ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದನ್ನು ನೋಡಿದ್ದೇನೆ.

ಇನ್ನು ಡ್ರಗ್ಸ್ ದಂಧೆಯ ಯಜಮಾನರ ವಿಷಯಕ್ಕೆ ಬನ್ನಿ. 1970ರ ಕಿಂಗ್‌ಪಿನ್ ಕಾನೂನು, ಸೆಕ್ಷನ್ 848, ನಿಮಗೆ ನಾನು ಹೇಳಬೇಕಾಗಿಲ್ಲ. ಐದು ಅಥವಾ ಹೆಚ್ಚು ಜನರನ್ನು ಇಟ್ಟುಕೊಂಡು ದಂಧೆ ನಡೆಸಿದವನಿಗೆ ಕನಿಷ್ಠ 20 ವರ್ಷ. ತೀರಾ ದೊಡ್ಡ ಕುಳವಾದರೆ ಜೀವಾವಧಿ. 2019ರಲ್ಲಿ ಮೆಕ್ಸಿಕೋದ ಡ್ರಗ್ಸ್ ದೊರೆ ಎಲ್ ಚಾಪೋಗೆ ಜೀವಾವಧಿಯ ಮೇಲೆ ಇನ್ನೂ 30 ವರ್ಷ ಆಯಿತು. ಆದರೆ 2025ರ ಜುಲೈನಲ್ಲಿ ಅವನ ಮಗ ಓವಿಡಿಯೋ ಇದೇ ಶಿಕಾಗೋದಲ್ಲಿ ತಪ್ಪೊಪ್ಪಿಕೊಂಡಾಗ, ಸಹಕರಿಸಿದರೆ ಜೀವಾವಧಿಗಿಂತ ಕಡಿಮೆ ಶಿಕ್ಷೆ ಕೇಳುತ್ತೇವೆ ಅಂತ ಸರ್ಕಾರಿ ವಕೀಲರ ಜೊತೆ ಒಪ್ಪಂದವಾಯಿತು. ಇಂಟರ್ನೆಟ್ಟಿನಲ್ಲಿ ಡ್ರಗ್ಸ್ ಮಾರುವ ಸಿಲ್ಕ್ ರೋಡ್ ಅನ್ನುವ ಕಳ್ಳ ಮಾರುಕಟ್ಟೆ ನಡೆಸಿದ ರಾಸ್ ಉಲ್ಬ್ರಿಕ್ಟ್ ಮೇಲೂ ಇದೇ ಕಾನೂನು ಸಾಬೀತಾಗಿತ್ತು. ಅವನಿಗೆ 2025ರ ಜನವರಿಯಲ್ಲಿ ಕ್ಷಮಾದಾನವೇ ಸಿಕ್ಕಿತು.

ಬಾಯಿ ಬಿಡಿಸಲು ಒಪ್ಪಂದ ಬೇಕಾಗುತ್ತದೆ, ಒಪ್ಪುತ್ತೇನೆ. ಆದರೆ ಹೇಳಲು ಹೆಸರುಗಳು ಇರುವುದು ಯಜಮಾನನ ಹತ್ತಿರ. ಮಾತ್ರೆ ಮಾರಿದ ಆ ಹುಡುಗನ ಹತ್ತಿರ ಯಾರ ಹೆಸರಿತ್ತು? ಅವನು 20 ವರ್ಷ ಕೂರಬೇಕು. ಇದು ನ್ಯಾಯವಾ?

ಇಂಥ ಯಜಮಾನನೊಬ್ಬನ ವಿಚಾರಣೆಯ ದಿನ ತಿಳಿಯಲು ಒಂದು ಕಚೇರಿಗೆ ಫೋನ್ ಮಾಡಿದ್ದೆ. ನಲವತ್ತು ನಿಮಿಷ ಕಾಯಿಸಿದರು. ಆಮೇಲೆ ಒಬ್ಬರು ಬಂದು, "ಈ ಕೇಸಿನಲ್ಲಿ ನಿಮ್ಮ ಮಗ ಸಂತ್ರಸ್ತ ಅಲ್ಲ ಮೇಡಂ. ಆ ಮಾತ್ರೆ ಇವರದ್ದೇ ಅನ್ನಲು ದಾಖಲೆ ಇದೆಯಾ?" ಅಂದರು. ದಾಖಲೆ! ವಿಷ ಮಾರುವವರು ರಸೀದಿ ಕೊಡುತ್ತಾರಾ? ನನ್ನ ಮಗ ಸಂತ್ರಸ್ತ ಅಲ್ಲದಿದ್ದರೆ ಇನ್ನೇನು? ಫೋನ್ ಇಟ್ಟ ಮೇಲೆ ಕೈ ನಡುಗುತ್ತಿತ್ತು.

ಅಪರಾಧದಲ್ಲಿ ನೊಂದವರಿಗೆ ಕೋರ್ಟಿನಲ್ಲಿ ಮಾತಾಡುವ ಹಕ್ಕು ಇದೆ ಅಂತ 2004ರಲ್ಲೇ ಕಾನೂನು ಮಾಡಿದ್ದೀರಿ. ತಪ್ಪೊಪ್ಪಿಗೆಯ ದಿನವೂ ಇದೆ, ಶಿಕ್ಷೆಯ ದಿನವೂ ಇದೆ. ನೇರವಾಗಿ ನೊಂದವರಿಗೆ ಮಾತ್ರ ಅಂತ ಅದರಲ್ಲೇ ಬರೆದು ನಮ್ಮನ್ನು ಹೊರಗೆ ನಿಲ್ಲಿಸಿದ್ದೀರಿ. ನಮ್ಮನ್ನು ಒಳಗೆ ಬಿಡಿ. ಫೆಂಟನಿಲ್ ಯಜಮಾನರ ಜೊತೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮಕ್ಕಳನ್ನು ಕಳೆದುಕೊಂಡವರ ಮಾತು ಕೇಳಿ. ಒಪ್ಪಂದ ಬೇಡ ಅನ್ನುತ್ತಿಲ್ಲ. ಮೊದಲು ಕೇಳಿ ಅನ್ನುತ್ತಿದ್ದೇನೆ, ಅಷ್ಟೇ.

ನಾನು ಎರಡು ಪುಟ ಬರೆದಿಟ್ಟುಕೊಂಡಿದ್ದೇನೆ. ಓದಲು ನಾಲ್ಕು ನಿಮಿಷ ಆಗುತ್ತದೆ, ಗಡಿಯಾರ ಇಟ್ಟು ನೋಡಿದ್ದೇನೆ. ಆ ನಾಲ್ಕು ನಿಮಿಷ ಕೊಡಿ.

ಇಂತಿ,
ಒಬ್ಬ ತಾಯಿ, ಇಲಿನಾಯ್