ಮಗಳಿಗೊಂದು ಪತ್ರ: ಯಾವ ಮೆಟಲ್ ಸುಲಭ, ಯಾವುದು ಟೊಳ್ಳು

ಪ್ರೀತಿಯ ಪುಟ್ಟೀ,

ಎಕ್ಸ್‌ಟ್ರೀಮ್ ಮೆಟಲ್‌ನಲ್ಲಿ, ಅಂದರೆ ರಾಕ್ ಸಂಗೀತದ ಅತಿ ಒರಟು ಕವಲಿನಲ್ಲಿ, ಯಾವುದು ಕೇಳೋಕೆ ಸುಲಭ, ಯಾವುದಕ್ಕೆ ಯೋಗ್ಯತೆ ಮೀರಿದ ಹೊಗಳಿಕೆ, ಯಾವುದು ತೀರಾ ಕಳಪೆ ಅಂತ ನೀವು ಗೆಳತಿಯರು ವಾದಕ್ಕೆ ಕೂತಾಗಲೆಲ್ಲ ನನ್ನ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಗುರುಗುಡುವ ದನಿ ಇದ್ದರೆ ಕಷ್ಟ, ಇಲ್ಲದಿದ್ದರೆ ಸುಲಭ ಅನ್ನುವ ಅಳತೆಯೇ ಸರಿಯಲ್ಲ. ಕಿವಿಗೆ ಹಿಡಿ ಸಿಗುವುದು ರಿಫ್‌ನಲ್ಲಿ, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ಚಿಕ್ಕ ಸ್ವರಗುಚ್ಛದಲ್ಲಿ. ಹಾಡು ಮುಗಿದ ಮೇಲೂ ಒಂದು ರಿಫ್ ಬಾಯಲ್ಲಿ ಗುನುಗಿಕೊಂಡರೆ, ದನಿ ಎಷ್ಟೇ ಒರಟಾಗಿರಲಿ, ಆ ಶೈಲಿ ನಿನಗೆ ಒಲಿಯಿತು ಅಂತಲೇ ಲೆಕ್ಕ.

ಹಾಗೆ ನೋಡಿದರೆ ಮೊದಲ ಬಾಗಿಲು, ಗುರುಗುಡುವ ದನಿಯ ಡೆತ್ ಮೆಟಲ್‌ಗೆ ರಾಗ ಬೆರೆಸಿದ ಮೆಲೋಡಿಕ್ ಡೆತ್ ಮೆಟಲ್. ಅಲ್ಲಿ ಹಾಡುಗಾರ ಕೈಬಿಟ್ಟ ರಾಗವನ್ನು ಎರಡು ಗಿಟಾರ್‌ಗಳು ಹೊರುತ್ತವೆ. ಕಾರ್ಕಸ್ ತಂಡದ 'ಹಾರ್ಟ್‌ವರ್ಕ್' (1993), ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಅಟ್ ದ ಗೇಟ್ಸ್ ತಂಡದ 'ಸ್ಲಾಟರ್ ಆಫ್ ದ ಸೋಲ್' (1995), ಈ ಎರಡು ಸಾಕು. ಒಂದೇ ಹಾಡನ್ನು ಮೂರು ಸಲ ಕೇಳು. ಮೊದಲ ಸಲ ಗಿಟಾರ್ ಮಾತ್ರ ಹಿಂಬಾಲಿಸು. ಎರಡನೇ ಸಲ ಸ್ನೇರ್ ಡ್ರಮ್ (ಚಟ್ಟನೆ ಸಿಡಿಯುವ ಡ್ರಮ್) ಎಲ್ಲಿ ಬೀಳುತ್ತದೆ ಅಂತ ಬೆರಳಲ್ಲಿ ತಟ್ಟು. ಮೂರನೇ ಸಲ ಸಾಹಿತ್ಯ ಎದುರಿಗಿಟ್ಟುಕೊಂಡು ದನಿ ಕೇಳು. ದನಿಯಿಂದ ಶುರು ಮಾಡಿದವರು ಮೊದಲ ನಿಮಿಷದಲ್ಲೇ ಎದ್ದುಹೋಗುತ್ತಾರೆ.

ಹೊಗಳಿಕೆ ಹೆಚ್ಚಾಗಿರುವುದು ಕಚ್ಚಾ ಧ್ವನಿಮುದ್ರಣದ, ಚೀರುದನಿಯ ಬ್ಲ್ಯಾಕ್ ಮೆಟಲ್‌ಗೆ. ಮೂಲದವರಿಗೆ ಈ ಮಾತು ಸಲ್ಲುವುದಿಲ್ಲ. ಡಾರ್ಕ್‌ಥ್ರೋನ್ ತಂಡದ 'ಟ್ರಾನ್ಸಿಲ್ವೇನಿಯನ್ ಹಂಗರ್' (1994) ನಾಲ್ಕು ಟ್ರ್ಯಾಕಿನ (ನಾಲ್ಕೇ ಪದರ ಹಿಡಿಯುವ) ಯಂತ್ರದಲ್ಲಿ ಮುದ್ರಣವಾದದ್ದು. ವಾದ್ಯಗಳನ್ನೆಲ್ಲ ತಂಡದ ಫೆನ್ರಿಜ್ ಒಬ್ಬರೇ ನುಡಿಸಿದ್ದಾರೆ. ಅಲ್ಲಿ ಡ್ರಮ್ ಒಂದೇ ಸಮನೆ ಓಡುತ್ತದೆ, ಗಿಟಾರ್ ತಂತಿಯ ಮೇಲೆ ಪ್ಲೆಕ್ಟ್ರಮ್ (ತಂತಿ ಮೀಟುವ ಬಿಲ್ಲೆ) ಬಿಡುವಿಲ್ಲದೆ ಹೋಗಿಬರುತ್ತದೆ, ಆದರೆ ಸ್ವರ ಬದಲಾಗುವುದು ನಿಧಾನಕ್ಕೆ. ಸ್ವಲ್ಪ ಹೊತ್ತಿಗೆ ಆ ಓಟ ಶ್ರುತಿಯಂತೆ ಹಿಂದೆ ಸರಿದು, ವಿಳಂಬದಲ್ಲಿ ಸಾಗುವ ಒಂದು ರಾಗವಷ್ಟೇ ಮುಂದೆ ನಿಲ್ಲುತ್ತದೆ. ಇದು ರಚನೆಯ ಗುಣ. ಅನುಕರಿಸಿದವರಲ್ಲಿ ಬಹಳ ಮಂದಿ ತೆಗೆದುಕೊಂಡದ್ದು ಆ ಮುದ್ರಣದ ಕರಕರವನ್ನು ಮಾತ್ರ. ತಗ್ಗಿನ ಧ್ವನಿ ಕತ್ತರಿಸಿಬಿಟ್ಟರೆ ಬೇಸ್ ಗಿಟಾರ್ ಮಾಯ. ಉಳಿದ ಗಿಟಾರ್, ಸಿಂಬಲ್, ಚೀರುದನಿ ಮೂರೂ ಒಂದೇ ಎತ್ತರದ ಕಂಪನಗಳಲ್ಲಿ ಗುದ್ದಾಡಿ ಯಾವುದೂ ಬಿಡಿಸಿ ಕೇಳುವುದಿಲ್ಲ. ಇದಕ್ಕೊಂದು ಪರೀಕ್ಷೆ ಇದೆ. ಆ ರಿಫ್ ಅನ್ನು ಡಿಸ್ಟಾರ್ಶನ್ (ಗಿಟಾರಿನ ದನಿ ಒಡೆದು ಒರಟಾಗಿಸುವ ಪರಿಣಾಮ) ತೆಗೆದು, ಬರೀ ಗಿಟಾರ್‌ನಲ್ಲಿ ನುಡಿಸು. ಏನೂ ಉಳಿಯದಿದ್ದರೆ ಅದು ಟೊಳ್ಳು. 'ಟ್ರಾನ್ಸಿಲ್ವೇನಿಯನ್ ಹಂಗರ್' ಈ ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುತ್ತದೆ.

ಕಳಪೆ ಯಾವುದು ಅಂದರೆ, ಬ್ರೇಕ್‌ಡೌನ್‌ಗಾಗಿಯೇ ಹೊಲಿದ ಡೆತ್‌ಕೋರ್ (ಡೆತ್ ಮೆಟಲ್‌ಗೆ ಹಾರ್ಡ್‌ಕೋರ್ ಪಂಕ್ ಬೆರೆತ ಶೈಲಿ) ಅನ್ನುತ್ತೇನೆ. ನಿನಗೆ ಕೋಪ ಬರಬಹುದು, ಆದರೂ ಕಾರಣ ಕೇಳು. ಬ್ರೇಕ್‌ಡೌನ್ ಅಂದರೆ ಓಟ ಥಟ್ಟನೆ ಅರ್ಧಕ್ಕಿಳಿದು, ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ಮೂ ಗಿಟಾರಿನ ತಗ್ಗು ತಂತಿಯೂ ಒಟ್ಟಿಗೆ ಬೀಳುವ ಜಾಗ. ಸಫೊಕೇಶನ್ ತಂಡದ 'ಎಫಿಜಿ ಆಫ್ ದ ಫರ್ಗಾಟನ್' (1991) ಕೇಳಿದರೆ ಗೊತ್ತಾಗುತ್ತದೆ: ಬ್ರೇಕ್‌ಡೌನಿನ ತೂಕವೆಲ್ಲ ಹಿಂದಿನ ದಟ್ಟ ರಿಫ್‌ಗಳಿಂದ ಬಂದದ್ದು. ಒಂದೇ ಹಾಡಿಗೆ ನಾಲ್ಕು ತುರುಕಿದರೆ ಇಳಿಯಲು ಎತ್ತರವೇ ಇರುವುದಿಲ್ಲ. ಎಂಟು ತಂತಿಯ ಗಿಟಾರಿನ ತಗ್ಗು ಎಫ್ ಶಾರ್ಪ್ ಸುಮಾರು 46 ಹರ್ಟ್ಜ್. ಫೋನಿನ ಸ್ಪೀಕರ್‌ಗೆ ಅದು ದಕ್ಕುವುದಿಲ್ಲ, ಬರೀ ಟಕಟಕ ಕೇಳುತ್ತದೆ. ತೀರ್ಪು ಕೊಡುವ ಮುಂಚೆ ಒಳ್ಳೆ ಹೆಡ್‌ಫೋನ್‌ನಲ್ಲಿ ಇನ್ನೊಮ್ಮೆ ಕೇಳುವುದು ನ್ಯಾಯ.

ಡ್ರಮ್ಮಿನ ಲೆಕ್ಕವೂ ಸೇರಿಸುತ್ತೇನೆ. ಬ್ಲಾಸ್ಟ್ ಬೀಟ್ ಅಂದರೆ ಸ್ನೇರ್, ಕಿಕ್ ಪೆಟ್ಟುಗಳು ಒಂದರ ಬೆನ್ನಿಗೊಂದು ಬಿಡುವಿಲ್ಲದೆ ಬೀಳುವ ಓಟ. ನಿಮಿಷಕ್ಕೆ 240 ಬೀಟ್ ಇದ್ದರೆ, ಬೀಟಿಗೆ ನಾಲ್ಕು ಪೆಟ್ಟಿನಂತೆ ಸೆಕೆಂಡಿಗೆ 16 ಪೆಟ್ಟು, ಎಂಟು ಸ್ನೇರ್‌ಗೆ, ಎಂಟು ಕಿಕ್‌ಗೆ. ಆ ವೇಗದಲ್ಲಿ ಮನುಷ್ಯರ ಕೈಕಾಲಿನ ಪೆಟ್ಟು ಸ್ವಲ್ಪ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ, ಜೀವ ಇರುವುದೂ ಅಲ್ಲೇ. ಪ್ರತಿ ಪೆಟ್ಟಿನ ಜಾಗಕ್ಕೂ ಒಂದೇ ಸ್ಯಾಂಪಲ್ (ಮೊದಲೇ ಮುದ್ರಿಸಿಟ್ಟ ಪೆಟ್ಟಿನ ಸದ್ದು) ಕೂರಿಸಿದರೆ ಟೈಪ್‌ರೈಟರ್ ಕುಟ್ಟಿದಂತೆ ಆಗುತ್ತದೆ. ಕೈಚಳಕಕ್ಕೇ ಒತ್ತು ಕೊಡುವ ಟೆಕ್ನಿಕಲ್ ಡೆತ್ ಮೆಟಲ್‌ನ ಎಷ್ಟೋ ಆಲ್ಬಮ್‌ಗಳು ಬೇಸರ ತರಿಸುವುದು ಇದರಿಂದಲೇ.

ಅತಿ ವೇಗದ, ತೀರಾ ಚಿಕ್ಕ ಹಾಡುಗಳ ಗ್ರೈಂಡ್‌ಕೋರ್ ಅನ್ನು ತಮಾಷೆ ಅಂತ ತಳ್ಳಿಹಾಕಬೇಡ. ನೇಪಾಮ್ ಡೆತ್ ತಂಡದ 'ಸ್ಕಮ್' (1987) ಆಲ್ಬಮ್‌ನಲ್ಲಿ 28 ಹಾಡು, ಒಂದು ಹಾಡಂತೂ 1.316 ಸೆಕೆಂಡಿನದು. ಬಿಡಿಬಿಡಿಯಾಗಿ ಕೇಳಿದರೆ ಕೈಗೆ ಏನೂ ಸಿಗದು, ಇಡೀ ಆಲ್ಬಮ್ ಅನ್ನು ಒಂದೇ ಪಟ್ಟಿಗೆ ಕೂತು ಕೇಳು.

ಕೊನೆಗೆ ವಾಲ್ಯೂಮ್. 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಮಿತಿ, ಆಮೇಲೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧವಾಗುತ್ತದೆ. 100ಕ್ಕೆ ಬರುವಾಗ ಉಳಿಯುವುದು 15 ನಿಮಿಷ. ಶೋಗೆ ಹೋದರೆ ಹತ್ತಿ ಸಾಲದು, ಫೋಮ್ ಇಯರ್‌ಪ್ಲಗ್ ಬೇಕು. ಅದನ್ನು ಬೆರಳಲ್ಲಿ ಸಣ್ಣಗೆ ಹೊಸೆ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಡು, ಉಬ್ಬಿ ಕೂರುವ ತನಕ ಅರ್ಧ ನಿಮಿಷ ಒತ್ತಿ ಹಿಡಿ. ಸರಿಯಾಗಿ ಕೂತರೆ ನಿನ್ನ ದನಿಯೇ ತಲೆಯೊಳಗೆ ಗುಂಯ್ ಅನ್ನುತ್ತದೆ. ಹಾಗೆ ಅನ್ನಿಸದಿದ್ದರೆ ತೆಗೆದು ಇನ್ನೊಮ್ಮೆ ಹಾಕು.

ನಿನ್ನ ಅಮ್ಮ